ಹಾಗ, ವೀಸ

ಮುರಿದ ಶಾಫ್ಟು ಮೇಜಿನ ಮೇಲೆ ಮಲಗಿದೆ,
ಎರಡು ತುಂಡು, ಇನ್ನೂ ಗ್ರೀಸ್ ಜಿನುಗುತ್ತ.
ಹೊರಗೆ ಅರೋಸಾ ಕೊಲ್ಲಿಯಲ್ಲಿ ಇಳಿತ.
ನೀಲಗಿರಿ ತೊಲೆಯ ತೆಪ್ಪಗಳ ಕೆಳಗೆ
ಹಗ್ಗಹಗ್ಗಕ್ಕೂ ಜೋತ ನೀಲಿಕಲ್ಲು ಚಿಪ್ಪು
ಕೀಳುವವರಿಲ್ಲದೆ ದಪ್ಪಗಾಗುತ್ತಿದೆ.
ದೋಸಿಂದಾಳ ದೋಣಿ ನಾಲ್ಕು ದಿನದಿಂದ
ದಡದ ಇಳಿಜಾರಿನಲ್ಲಿ ಒಣಗುತ್ತಿದೆ,
ಹಿಂಬದಿಯಲ್ಲಿ ಒಂದು ತೂತು, ಹಲ್ಲು ಕಿತ್ತ ಬಾಯಿಯಂತೆ.

ವೀಗೊದಿಂದ ಅವಳ ತಮ್ಮನ ಮಗ ಬ್ರಾಯಸ್ ಬಂದ.
ಎಂಜಿನಿಯರಿಂಗ್ ಕೊನೆಯ ವರ್ಷ, ಜೇಬಿನಲ್ಲೇ ಚಾಕ್.
ನಮ್ಮ ಬೀರುವಿನ ಬಾಗಿಲ ಮೇಲೆ ಲೆಕ್ಕ ಬರೆದ:
ತಿರುಚಿದಾಗ ಉಕ್ಕು ದುಡಿಯುವುದು ಚರ್ಮದಲ್ಲಿ,
ಒಳಗೊಳಗೆ ಹೋದಂತೆಲ್ಲ ಮೈಗಳ್ಳ,
ನಟ್ಟನಡುವೆ ಶುದ್ಧ ಸೊನ್ನೆ.
ಆ ನಡುವನ್ನು ಅರ್ಧ ಅಗಲಕ್ಕೆ ಕೊರೆದು ಬಿಸಾಡಿ,
ತೂಕದಲ್ಲಿ ಇಳಿಯುವುದು ಒಂದು ಹಾಗ,
ಬಲದಲ್ಲಿ ಹೋಗುವುದು ಬರೀ ವೀಸ.
ಯಾರು ಬೇಡವೆಂದಾರು ಇಂಥ ವ್ಯಾಪಾರ?

ನನಗಂತೂ ಹೌದೆನಿಸಿತು.
ಮೂರು ವರ್ಷದಿಂದ ಇಲ್ಲಿ ಉಕ್ಕು ಎತ್ತುತ್ತೇನೆ,
ಹಾಗದ ಬೆಲೆ ನನ್ನ ಬೆನ್ನಿಗೆ ಗೊತ್ತು.
ಐಸ್ ಫ್ಯಾಕ್ಟರಿಯ ನಾಲ್ಕು ಮೀಟರ್ ಶಾಫ್ಟು
ತನ್ನ ಭಾರಕ್ಕೆ ತಾನೇ ಜೋತು
ಹುಡುಗಿಯರ ಹಗ್ಗದಾಟದ ಹಗ್ಗದಂತೆ ಬೀಸಾಡಿದಾಗ
ಕೊಳವೆಯಂಥದೊಂದನ್ನು ಕಟೆದು ಕೂರಿಸಿದವನು
ಇದೇ ಎಲಾದಿಯೊ. ಹಾಲು ಕುಡಿದ ಕೂಸಿನಂತೆ
ಇಂದಿಗೂ ಸದ್ದಿಲ್ಲ ಅದು.

ಎಲಾದಿಯೊ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡೇ
ದೋಣಿಯ ಹಿಂದೆ ಹೋಗಿ ಪಾಚಿಯಲ್ಲಿ ಮಂಡಿಯೂರಿದ.
ಶಾಫ್ಟು ಹಾಯುವ ಕೊಳವೆಗೆ ಅಳತೆಗೋಲು ತೂರಿಸಿ
"ಅರವತ್ತು" ಎಂದ.
"ಇವಳಪ್ಪ ಕಟ್ಟಿಸಿದಾಗಲೂ ಅರವತ್ತು."

ಹೋದ ವೀಸ ಮರಳಬೇಕೆಂದರೆ
ಶಾಫ್ಟು ಒಂದೂಕಾಲು ಮಿಲಿಮೀಟರ್ ಉಬ್ಬಬೇಕು.
ಉಕ್ಕು ಉಬ್ಬೀತು. ದೋಣಿಯ ತೂತು?
ಹಿತ್ತಾಳೆ ಬುಷ್ಷು, ಹಲಗೆ, ಕೀಲು, ಎಲ್ಲ ಬಿಚ್ಚಬೇಕು,
ಉಳಿದ ಹದಿನಾಲ್ಕು ಕಿಲೊ
ದೋಸಿಂದಾ ಒಂದೇ ಕೈಯಲ್ಲಿ ಎತ್ತುವ
ಒಂದು ಬುಟ್ಟಿ ಚಿಪ್ಪಿನ ತೂಕ.
ಎರಡೂವರೆ ಮೀಟರ್ ಉದ್ದಕ್ಕೆ ಡ್ರಿಲ್ಲು
ನಡುದಾರಿಯಲ್ಲಿ ಎತ್ತ ಹೊರಳುವುದೋ.
ಆಮೇಲೆ ಆ ಓಣಿಗೆ ಸಮುದ್ರ ಬಾಡಿಗೆಗೆ ಬಂದರೆ
ಬಿಡಿಸುವವರು ಯಾರು?

ಬ್ರಾಯಸ್ ಚಾಕ್ ಕೆಳಗಿಟ್ಟ.
ಮುರಿದ ತುಂಡನ್ನು ಕಿಟಕಿಯ ಬೆಳಕಿಗೆ ಹೊರಳಿಸಿದ.
ನಾವು ಮೂವರೂ ಬಗ್ಗಿದೆವು.
ಕೀಲಿನ ಕಚ್ಚಿನ ಮೂಲೆಯಿಂದ ಹೊರಟ ಬಿರುಕು
ಇಳಿತದ ನೀರು ಮರಳಲ್ಲಿ ಬಿಟ್ಟ ಗೆರೆಗಳಂತೆ
ಸಾಲುಸಾಲಾಗಿ ಒಳಗೆ ನಡೆದಿತ್ತು.
ಎಷ್ಟು ತಿಂಗಳೋ, ಎಷ್ಟು ಬೆಳಗಿನ ಚಳಿಯೋ.
ಕೊನೆಗೆ ನಡುವೆ ಒಂದು ರೂಪಾಯಿಯಗಲ
ಒರಟು, ಬೂದು, ಹರಳುಹರಳು:
ಆ ಸೊನ್ನೆಯೇ.
ದುಡಿಯದ್ದೆಂದು ನಾವು ಕೊರೆದು ಬಿಸಾಡಹೊರಟದ್ದು
ಮೊನ್ನೆ ಮಂಗಳವಾರ ಸಂಜೆ ದೋಣಿಯನ್ನು
ಗೋಡೆ ಮುಟ್ಟುವವರೆಗೆ ಎಳೆದು ತಂದು
ಆಮೇಲೆ ಹರಿದಿತ್ತು.

ನನ್ನ ಕಣ್ಣು ತುಸು ಒದ್ದೆಯಾದದ್ದು ನಿಜ.
ಎಲಾದಿಯೊ ನಕ್ಕ: "ಹುಡುಗೀ, ಅದೆಲ್ಲ ಕತೆ.
ಇನ್ನೊಂದು ದಿನ ಅದೇ ನಡು
ಎರಕದ ಹುಳುಕು ಇಟ್ಟುಕೊಂಡು ಕೈಕೊಡುತ್ತದೆ.
ಗಟ್ಟಿ ಹಾಕುವುದು ತೂತು ಅರವತ್ತು ಎಂಬುದಕ್ಕೆ.
ಕಚ್ಚಿನ ಮೂಲೆ ಮಾತ್ರ ಈ ಸಲ ದುಂಡಗೆ ತೆಗೆ."

ಲೇತ್ ತಿರುಗಿತು. ನೀಲಿಯಾಗಿ ಸುರುಳಿ ಬಿತ್ತು.
ಬಾಗಿಲಲ್ಲಿ ಬೂಟು ಕೊಡವುತ್ತ ನಿಂತ ದೋಸಿಂದಾ
ಬೀರುವಿನ ಲೆಕ್ಕ ಓದಲಿಲ್ಲ,
ಶಾಫ್ಟಿನ ಕಡೆ ನೋಡಲೂ ಇಲ್ಲ.
ಶನಿವಾರದ ಭರತಕ್ಕೆ ನೀರಿಗಿಳಿಯುತ್ತದಾ, ಅಂದಳು.

ನಾನು ಉಳಿ ಬದಲಿಸುತ್ತಿದ್ದೆ.
ಬ್ರಾಯಸ್ ತೋಳಿನಿಂದ ಚಾಕ್ ಒರೆಸಿದ, ಪೂರ್ತಿ ಹೋಗಲಿಲ್ಲ.
ಹಾಗ ಅಳಿಸಿತು,
ವೀಸ ಇನ್ನೂ ಮಸುಕಾಗಿ ಬೀರುವಿನ ಮೇಲಿದೆ.